ಮಂದ್ರಕ್ಕೊಂದು ಹೆಡ್‌ಫೋನು

ಹೆಡ್‌ಫೋನ್ ಮಾರುವ ಅಂಗಡಿಗೆ ಹೋದರೆ ಹುಡುಗ ಮೊದಲು ಮಾಡುವ ಕೆಲಸ ವಾಲ್ಯೂಮ್ ಏರಿಸುವುದು. ಹೊಸ ಸಿನಿಮಾದ ಹಾಡೊಂದನ್ನು ಹಚ್ಚಿ, ನಮ್ಮ ಕಿವಿಗೆ ಹೆಡ್‌ಫೋನ್ ಏರಿಸಿ, "ಬೇಸ್ ಹೆಂಗೈತಿ ನೋಡ್ರಿ ಸರ್" ಅನ್ನುತ್ತಾನೆ. ಹೊರಗೆ ಆಟೋ ಹಾರ್ನು, ಒಳಗೆ ಗೋಡೆಗೆ ತೂಗುಹಾಕಿದ ಟೀವಿಗಳ ಗದ್ದಲ. ಅಂಥಲ್ಲಿ ಅವನಾದರೂ ಇನ್ನೇನು ಮಾಡಬೇಕು? ಆದರೆ ಅಷ್ಟು ಜೋರಾಗಿ ಹಚ್ಚಿದರೆ ಸಾಧಾರಣ ಹೆಡ್‌ಫೋನು ಕೂಡ ತುಂಬಿದಂತೆ ಕೇಳುತ್ತದೆ. ರಾತ್ರಿ ಹನ್ನೊಂದರ ಮೇಲೆ, ಮನೆಯವರೆಲ್ಲ ಮಲಗಿದ ಮೇಲೆ ಕೇಳುವುದಕ್ಕೆ ಕೊಳ್ಳುವವರು ಆ ಹುಡುಗನ ಕೈಯಿಂದ ಫೋನನ್ನು ಇಸಿದುಕೊಂಡು, ವಾಲ್ಯೂಮನ್ನು ಮೂರರಲ್ಲೊಂದು ಪಾಲಿಗೆ ಇಳಿಸಿ, ತಮಗೆ ಗೊತ್ತಿರುವ ಒಂದು ಆಲಾಪ ಹಚ್ಚಿ ಕೇಳಬೇಕು. ಹಾಗೆ ಇಳಿಸಿದಾಗಲೂ ಷಡ್ಜಕ್ಕೆ ಮೈ ಇದ್ದರೆ ಆ ಹೆಡ್‌ಫೋನಿನ ಬೆಲೆ ವಿಚಾರಿಸಬಹುದು.

ನಮ್ಮದು ಹುಬ್ಬಳ್ಳಿಯಲ್ಲಿ ಎರಡು ಕೋಣೆ, ಒಂದು ಪಡಸಾಲೆಯ ಮನೆ. ಅವ್ವನದು ಎಚ್ಚರ ನಿದ್ದೆ. ಹೆಂಡತಿ ಬೆಳಿಗ್ಗೆ ಬೇಗನೆ ಶಾಲೆಗೆ ಹೋಗಬೇಕು. ಮಗಳು ಪಿಯುಸಿ ಓದುತ್ತಾಳೆ, ಅವಳ ದೀಪ ಆರುವ ಹೊತ್ತಿಗೆ ನನಗೆ ಬಿಡುವು ಸಿಗುತ್ತದೆ. ನನಗೆ ಬಿಡುವಾಗುವ ಆ ಹೊತ್ತೇ ಬಾಗೇಶ್ರೀ, ಮಾಲಕಂಸ, ದರ್ಬಾರಿಗಳ ಹೊತ್ತು. ಹಿಂದೂಸ್ತಾನಿಯಲ್ಲಿ ರಾಗಕ್ಕೊಂದು ಸಮಯ ಇದೆಯಲ್ಲ, ಅದನ್ನು ನಾನು ಮನಸ್ಸಿನಿಂದ ನಂಬುತ್ತೇನೆ. ದರ್ಬಾರಿಯನ್ನು ಮಧ್ಯಾಹ್ನ ಊಟದ ಮೇಲೆ ಕೇಳಿದರೆ ರಾಗ ಕೆಡುವುದಿಲ್ಲ, ಆದರೆ ಅದರ ಗಾಂಧಾರ ತೂಗುವ ಆ ನಿಧಾನಕ್ಕೆ ಹಗಲಿನ ಮನಸ್ಸು ತಾಳಿಕೊಳ್ಳುವುದಿಲ್ಲ.

ಈ ರಾಗಗಳಿಗೆ ಮೊದಲು ರಾತ್ರಿಯಿಡೀ ವೇದಿಕೆ ಇತ್ತು. ನಮ್ಮ ಹತ್ತಿರದ ಕುಂದಗೋಳ ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಎಲ್ಲರೂ ಅವರ ಶಿಷ್ಯರು. ಅಲ್ಲಿಯ ನಾಡಿಗೇರ ವಾಡೆಯಲ್ಲಿ ಅವರ ಹೆಸರಿನಲ್ಲಿ ನಡೆಯುವ ಅಹೋರಾತ್ರಿ ಸಂಗೀತಕ್ಕೆ ಜನ ಹೊದಿಕೆ ಕಟ್ಟಿಕೊಂಡು ಹೋಗಿ ಕೂಡುತ್ತಿದ್ದರು. ಈಗ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು. ನಿಯಮ ಸರಿಯಾದದ್ದೇ. ನಿದ್ದೆ ಮಾಡುವವರಿಗೆ ನಿದ್ದೆಯ ಹಕ್ಕಿದೆ. ಆದರೆ ಅದರಿಂದ ನಡುರಾತ್ರಿಯ ರಾಗಗಳೆಲ್ಲ ಸಂಜೆಯ ಕಛೇರಿಗೆ ಸರಿದವು, ಇಲ್ಲವೇ ವೇದಿಕೆಯಿಂದಲೇ ಹಿಂದೆ ಬಿದ್ದವು. ಇವತ್ತಿನ ಹುಡುಗರು ದರ್ಬಾರಿಯನ್ನು ಅದರ ಹೊತ್ತಿನಲ್ಲಿ ಕೇಳಬೇಕೆಂದರೆ ಬಹಳ ಮಟ್ಟಿಗೆ ಮನೆಯೇ ಗತಿ, ಹೆಡ್‌ಫೋನೇ ಗತಿ. ಆದ್ದರಿಂದ ಹೆಡ್‌ಫೋನಿನ ಆಯ್ಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ.

ತಗ್ಗಿದ ದನಿಯಲ್ಲಿ ಒಂದು ತೊಡಕಿದೆ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಮನುಷ್ಯರ ಕಿವಿಯನ್ನು ಅಳೆದು ಅದನ್ನು ಲೆಕ್ಕದಲ್ಲಿ ತೋರಿಸಿದರು. ನಮ್ಮ ಕಿವಿಗೆ ಎಲ್ಲ ಎತ್ತರದ ಸ್ವರಗಳೂ ಸಮನಾಗಿ ಕೇಳುವುದಿಲ್ಲ. ದನಿ ತಗ್ಗಿದಷ್ಟೂ ಕೆಳಗಿನ ಸ್ವರಗಳು ಬೇಗ ಸೋರಿಹೋಗುತ್ತವೆ. 1000 ಹರ್ಟ್ಝ್‌ನ ಸ್ವರವೊಂದು 40 ಡೆಸಿಬೆಲ್‌ನಲ್ಲಿ ಎಷ್ಟು ಕೇಳುತ್ತದೋ, 100 ಹರ್ಟ್ಝ್‌ನ ಸ್ವರ ಅಷ್ಟೇ ಕೇಳಬೇಕಾದರೆ ಅದಕ್ಕೆ 60ಕ್ಕೂ ಹೆಚ್ಚು ಡೆಸಿಬೆಲ್ ಬೇಕು. ದನಿ ಜೋರಾದಂತೆ ಈ ಅಂತರ ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ತುಂಬಿ ಬಂದ ಹೆಡ್‌ಫೋನು ಮನೆಯಲ್ಲಿ ರಾತ್ರಿ ಬಡಕಲಾಗಿ ಕೇಳುವುದಕ್ಕೆ ಮುಖ್ಯ ಕಾರಣ ಇದು. ಹಳೆಯ ಆಂಪ್ಲಿಫೈಯರುಗಳಲ್ಲಿ 'ಲೌಡ್‌ನೆಸ್' ಅನ್ನುವ ಒಂದು ಗುಂಡಿ ಇರುತ್ತಿತ್ತು. ದನಿ ತಗ್ಗಿಸಿದಾಗ ಕೆಳಗಿನ ಸ್ವರಗಳನ್ನು ಸ್ವಲ್ಪ ಎತ್ತಿಕೊಡುವುದು ಅದರ ಕೆಲಸ. ಈಗಿನ ಫೋನುಗಳಲ್ಲಿ ಆ ಗುಂಡಿ ಇಲ್ಲ, ಈಕ್ವಲೈಝರ್ ಇದೆ.

ಇದನ್ನು ನಮ್ಮ ಸಂಗೀತಕ್ಕೆ ಹಚ್ಚಿ ನೋಡಿ. ಗಾಯಕ ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡುತ್ತಾನೆ ಅಂದುಕೊಳ್ಳಿ. ಅವನ ಮಧ್ಯ ಷಡ್ಜ ಸುಮಾರು 138 ಹರ್ಟ್ಝ್, ಮಂದ್ರ ಷಡ್ಜ ಅದರರ್ಧ, 69. ದರ್ಬಾರಿಯ ವಿಸ್ತಾರದ ಹೆಚ್ಚಿನ ಪಾಲು ನಡೆಯುವುದು ಈ ಎರಡರ ನಡುವೆಯೇ. ತಂಬೂರಿಯ ಖರ್ಜದ ತಂತಿ ಅಲ್ಲೇ ಇದೆ, ತಬಲಾದ ಡಗ್ಗಾ ಅದಕ್ಕೂ ಕೆಳಗೆ ಇಳಿಯುತ್ತದೆ. ಅಂದರೆ ರಾತ್ರಿಯ ಸಂಗೀತದ ತಿರುಳು ಇರುವ ಜಾಗದಲ್ಲಿಯೇ ರಾತ್ರಿಯ ಕಿವಿ ಮಂದ. ಸ್ವರವೇನೋ ಗೊತ್ತಾಗುತ್ತದೆ, ಏಕೆಂದರೆ ಅದರ ಮೇಲಿನ ಅನುಸ್ವರಗಳು ಕೇಳುತ್ತವೆ. ಆದರೆ ಎದೆಯಿಂದ ಬಂದದ್ದು ಗಂಟಲಿನಿಂದ ಬಂದಂತಾಗುತ್ತದೆ. ಮಂದ್ರ ಪಂಚಮದ ಮೇಲೆ ನಿಂತ ಒಂದು ಉಸಿರು ಬರೀ ಗುರುತಾಗಿ ಉಳಿಯುತ್ತದೆ. ಕೆಳಗಿನ ಸ್ವರಗಳನ್ನು ತುಸು ಧಾರಾಳವಾಗಿ ಕೊಡುವ ಹೆಡ್‌ಫೋನು ಹಗಲಿನಲ್ಲಿ ಕೆಲವರಿಗೆ ದಪ್ಪ ಅನ್ನಿಸಬಹುದು. ರಾತ್ರಿಯ ತಗ್ಗು ದನಿಗೆ ಅದು ಹದವಾಗಿ ಕೂಡುತ್ತದೆ.

ಇನ್ನು ಕ್ಲೋಸ್ಡ್ ಬ್ಯಾಕ್, ಅಂದರೆ ಬೆನ್ನು ಮುಚ್ಚಿದ ಹೆಡ್‌ಫೋನೇ ಯಾಕೆ ಎಂಬ ಮಾತು. ಹೆಡ್‌ಫೋನಿನ ಇತಿಹಾಸ ಶುರುವಾಗುವುದೇ ಕಿವಿ ಮುಚ್ಚುವುದರಿಂದ. 1910ರಲ್ಲಿ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ತನ್ನ ಅಡಿಗೆಮನೆಯಲ್ಲಿ ಕೂತು ಕೈಯಾರೆ ಮಾಡಿದ ಹೆಡ್‌ಫೋನುಗಳನ್ನು ಅಲ್ಲಿಯ ನೌಕಾಪಡೆ ಕೊಂಡಿತು. ಸಂಗೀತಕ್ಕೆಂದೇ ಸ್ಟೀರಿಯೋ ಹೆಡ್‌ಫೋನ್ ಬಂದದ್ದು 1958ರಲ್ಲಿ, ಮಿಲ್ವಾಕೀಯ ಜಾನ್ ಕಾಸ್ ಅವರ ಎಸ್‌ಪಿ/3. ಹತ್ತು ವರ್ಷಗಳ ಮೇಲೆ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಎಂಬ ಓಪನ್ ಬ್ಯಾಕ್ ಹೆಡ್‌ಫೋನ್ ತಂದಿತು. ಹಳದಿ ಸ್ಪಂಜಿನ, ಹಗುರವಾದ, ಬೆನ್ನು ತೆರೆದ ಹೆಡ್‌ಫೋನು. ಬೆನ್ನು ತೆರೆದರೆ ದನಿ ಸಲೀಸಾಗಿ ಉಸಿರಾಡುತ್ತದೆ, ಸಂಗೀತ ತಲೆಯ ಸುತ್ತ ಹರಡಿಕೊಳ್ಳುತ್ತದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಬ್ಬರೇ ಇರುವ ಕೋಣೆ, ಬಾಗಿಲು ಹಾಕಿಕೊಳ್ಳುವ ಅನುಕೂಲ ಇದ್ದವರು ಓಪನ್ ಬ್ಯಾಕ್ ಕೊಳ್ಳಲಿ. ಆದರೆ ಅದು ಕಿವಿಗೆ ಕೊಡುವುದನ್ನು ಕೋಣೆಗೂ ಹಂಚುತ್ತದೆ. ಪಕ್ಕದಲ್ಲಿ ಮಲಗಿದವರಿಗೆ ಡಗ್ಗಾ ಕೇಳುವುದಿಲ್ಲ, ತಾನಿನ ಚೂರುಪಾರು ಮತ್ತು ತಾಳದ ಕಿಟಿಕಿಟಿ ಕೇಳುತ್ತದೆ. ನಿದ್ದೆಗೆಡಿಸುವುದಕ್ಕೆ ಅಷ್ಟು ಸಾಕು.

ಹೊರಗೆ ಸೋರದಿರುವುದು ಕ್ಲೋಸ್ಡ್ ಬ್ಯಾಕಿನ ಅರ್ಧ ಗುಣ ಮಾತ್ರ. ಹೊರಗಿನದು ಒಳಗೆ ಬಾರದಿರುವುದು ಉಳಿದರ್ಧ, ನನಗೆ ಅದೇ ದೊಡ್ಡದು. ನಮ್ಮ ಮನೆಗಳಲ್ಲಿ ರಾತ್ರಿ ನಿಶ್ಶಬ್ದ ಅನ್ನುವುದು ಮಾತಿಗೆ. ಸೀಲಿಂಗ್ ಫ್ಯಾನಿನ ಗಾಳಿಯ ಶಬ್ದ, ಫ್ರಿಜ್ಜಿನ ಗುಂಯ್‌ಗುಡುವಿಕೆ, ದೂರದ ಹೈವೇ ಲಾರಿ. ತಂಬೂರಿಯ ನಾದ ಎಷ್ಟು ನವಿರೆಂದರೆ ಫ್ಯಾನ್ ಐದರಲ್ಲಿದ್ದರೆ ಅದರ ಜವಾರಿಯ ಮಿನುಗೆಲ್ಲ ಗಾಳಿಯ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಆಗ ನಮಗರಿವಿಲ್ಲದೆ ಬೆರಳು ವಾಲ್ಯೂಮಿನತ್ತ ಹೋಗುತ್ತದೆ. ಹೆಡ್‌ಫೋನಿನ ಕಪ್ಪು ಕಿವಿಯ ಮೇಲೆ ಸರಿಯಾಗಿ ಕೂತರೆ ಗಾಳಿಯ ಸುಯ್ಯೆನ್ನುವಿಕೆ ಬಹಳಷ್ಟು ತಗ್ಗುತ್ತದೆ, ದನಿ ಏರಿಸುವ ಅಗತ್ಯ ಬೀಳುವುದಿಲ್ಲ. ಮೋಟಾರಿನ ಕೆಳಸ್ತರದ ಗುಂಯ್‌ಕಾರವನ್ನು ಮಾತ್ರ ಬರೀ ಪ್ಲಾಸ್ಟಿಕ್ಕು ಕುಶನ್ನುಗಳು ತಡೆಯಲಾರವು. ಅದನ್ನು ತಡೆಯುವುದಕ್ಕೆ ನಾಯ್ಸ್ ಕ್ಯಾನ್ಸಲಿಂಗ್ ಇದೆ. ಹೊರಗಿನ ಶಬ್ದವನ್ನು ಮೈಕಿನಿಂದ ಹಿಡಿದು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಒಳಗೆ ಬಿಡುವ ಏರ್ಪಾಡು ಅದು. ಬಸ್ಸಿಗೆ, ವಿಮಾನಕ್ಕೆ ಅದು ವರ. ರಾತ್ರಿ ಮನೆಯಲ್ಲಿ ಅದರದೇ ಒಂದು ತೆಳುವಾದ ಹಿಸ್ ಆಲಾಪದ ಬಿಡುವುಗಳಲ್ಲಿ ನನಗೆ ಕೇಳಿಸುತ್ತದೆ. ಫ್ಯಾನನ್ನು ಎರಡಕ್ಕೆ ಇಳಿಸಿ ಕೂರುವುದೇ ನನಗೆ ಹಿತ.

ಕನ್ನಡಕ ಹಾಕುವವರು ಒಂದು ಮಾತು ಗಮನಿಸಬೇಕು. ಕ್ಲೋಸ್ಡ್ ಬ್ಯಾಕಿನಲ್ಲಿ ಕೆಳಸ್ವರಗಳು ಹುಟ್ಟುವುದು ಕಪ್ಪಿನೊಳಗೆ ಸೆರೆಯಾದ ಗಾಳಿಯ ಒತ್ತಡದಿಂದ. ಕುಶನ್ನು ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ: ಸಣ್ಣ ಸಂದಿಯಿದ್ದರೂ ಒತ್ತಡ ನಿಲ್ಲುವುದಿಲ್ಲ. ಕನ್ನಡಕದ ಕಡ್ಡಿ ಕುಶನ್ನಿನ ಕೆಳಗೆ ಒಂದು ಓಣಿ ತೆರೆಯುತ್ತದೆ, ಡಗ್ಗಾ ಆ ಓಣಿಯಲ್ಲಿ ಹೊರಟುಹೋಗುತ್ತದೆ. ಎಷ್ಟು ಹೋಗುತ್ತದೆಂದು ತಿಳಿಯಬೇಕಾದರೆ ಹಾಡು ನಡೆಯುವಾಗಲೇ ಕನ್ನಡಕ ತೆಗೆದು ನೋಡಿ. ಮೆತ್ತನೆಯ ದಪ್ಪ ಕುಶನ್ನು ಕಡ್ಡಿಯ ಸುತ್ತ ಒತ್ತಿಕೊಂಡು ಕೂಡುತ್ತದೆ, ಗಟ್ಟಿಯದು ಕೂಡುವುದಿಲ್ಲ. ಜಡೆ, ತುರುಬು, ಕಿವಿಯ ಮುಂದಿನ ಕೂದಲು, ಜುಮುಕಿ ಇವೂ ಹಾಗೆಯೇ. ಹೆಂಗಸರಿಗೆ ಹೆಡ್‌ಫೋನ್ ಕೊಡಿಸುವವರು ತಮ್ಮ ತಲೆಗೆ ಹಾಕಿ ನೋಡಿ ತಂದುಕೊಡಬಾರದು.

ತಂತಿಯ ಕ್ಲೋಸ್ಡ್ ಬ್ಯಾಕುಗಳಲ್ಲಿ ಕೆಲವು ಹೆಸರುಗಳು ಸ್ಟುಡಿಯೋಗಳಿಂದ ಬಂದು ಮನೆಗಳಲ್ಲಿ ನೆಲೆಯಾಗಿವೆ. ಸೋನಿ ಎಂಡಿಆರ್-7506 ಬಂದದ್ದು 1991ರಲ್ಲಿ, ಇವತ್ತಿಗೂ ಮಾರುಕಟ್ಟೆಯಲ್ಲಿದೆ. ಅದರ ಗುಣ ಸ್ಪಷ್ಟತೆ. ಸಾಹಿತ್ಯದ ಒಂದಕ್ಷರವೂ ತಪ್ಪದು, ಅಂಚು ಮಾತ್ರ ತುಸು ಚುರುಕು. ವಚನ ಗಾಯನ ಕೇಳುವವರಿಗೆ, ಆಕಾಶವಾಣಿಯ ಹಳೆಯ ನಾಟಕ ಕೇಳುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆಡಿಯೋ-ಟೆಕ್ನಿಕಾ ಎಂ50ಎಕ್ಸ್ 2014ರದು. ಅದರಲ್ಲಿ ಡಗ್ಗಾ, ಮೃದಂಗದ ಎಡಮುಖ ಚೆನ್ನಾಗಿ ತುಂಬುತ್ತವೆ, ತಂತಿ ಬಿಚ್ಚಿ ಬದಲಿಸಬಹುದು. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಹೊರಗಿನ ಶಬ್ದವನ್ನು 32 ಡೆಸಿಬೆಲ್‌ವರೆಗೆ ತಡೆಯುತ್ತದೆಂದು ಕಂಪನಿಯ ಮಾತು, ಅಷ್ಟು ತಡೆಯಬೇಕಾದರೆ ಹಿಡಿತವೂ ಅಷ್ಟೇ ಬಿಗಿ. ಕನ್ನಡಕದವರಿಗೆ ಎರಡು ತಾಸಿನ ಕಛೇರಿಯಲ್ಲಿ ಕಣತಲೆ ನೋಯುವಷ್ಟು.

ನಾನು ಆರಿಸಿಕೊಂಡದ್ದು ಜರ್ಮನಿಯ ಹೈಲ್‌ಬ್ರಾನಿನಲ್ಲಿ ತಯಾರಾಗುವ ಬೇಯರ್‌ಡೈನಮಿಕ್ ಡಿಟಿ 770 ಪ್ರೊ, 80 ಓಮಿನದು. ಅದರ ಕುಶನ್ನು ರೆಕ್ಸಿನ್ನಿನದಲ್ಲ, ಮಖಮಲ್ಲಿನಂಥ ಬಟ್ಟೆಯದು. ನಮ್ಮ ಏಪ್ರಿಲ್ ರಾತ್ರಿಗಳಲ್ಲಿ ರೆಕ್ಸಿನ್ ಕುಶನ್ನು ಅರ್ಧ ತಾಸಿನೊಳಗೆ ಕಿವಿಯನ್ನು ಬೆವರಿಸುತ್ತದೆ, ಬಟ್ಟೆಯದು ತಾಳಿಕೊಳ್ಳುತ್ತದೆ. ಬಟ್ಟೆಯಿಂದ ಶಬ್ದ ಒಂದಿಷ್ಟು ಸೋರುತ್ತದೆ ನಿಜ, ಆದರೆ ತಗ್ಗಿದ ದನಿಯಲ್ಲಿ ಸೋರುವುದು ಮಂಚದ ಆಚೆ ಬದಿಗೂ ಮುಟ್ಟುವುದಿಲ್ಲ. ಇದರಲ್ಲಿ ಮಂದ್ರಕ್ಕೆ ನಾನು ಬಯಸುವ ಧಾರಾಳತನವಿದೆ. ಜೊತೆಗೆ 8000 ಹರ್ಟ್ಝ್‌ನ ಸುತ್ತ ಒಂದು ಏರು ಕೂಡ ಇದೆ. ಹಳೆಯ ಟೇಪುಗಳಿಂದ ಇಳಿಸಿದ ಕಛೇರಿಗಳಲ್ಲಿ ಆ ಏರು ಟೇಪಿನ ಹಿಸ್ಸನ್ನು ಎತ್ತಿ ಹಿಡಿಯುತ್ತದೆ, ಹಾಡುವವರ ಸಕಾರ ಶಕಾರಗಳನ್ನು ಹರಿತ ಮಾಡುತ್ತದೆ. ಈಕ್ವಲೈಝರಿನಲ್ಲಿ ಆ ಜಾಗವನ್ನು ನಾಲ್ಕೈದು ಡೆಸಿಬೆಲ್ ತಗ್ಗಿಸಿ ಇಟ್ಟಿದ್ದೇನೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಣಗಳನ್ನು ಕೇಳುವವರು ಇಷ್ಟು ಮಾಡಿಕೊಳ್ಳುವುದು ಒಳ್ಳೆಯದು. ಅವರ ದನಿಯ ಆ ಒರಟು ಅಂಚು ಅವರದಾಗಿಯೇ ಕೇಳಬೇಕು, ಹೆಡ್‌ಫೋನು ಅದಕ್ಕೆ ತನ್ನದನ್ನು ಸೇರಿಸಬಾರದು.

ಓಮು ಅಂದರೆ ಹೆಡ್‌ಫೋನಿನ ವಿದ್ಯುತ್ ತಡೆಯ ಅಳತೆ, ಅದರ ವಿಷಯದಲ್ಲಿ ಅಂಗಡಿಯವರ ಮಾತು ಒಂದೇ: 32 ಓಮಿನದು ಫೋನಿಗೆ, 250ರದು ಆಂಪ್ಲಿಫೈಯರಿಗೆ, ಫೋನಿಗೆ ಅದು ಆಗುವುದಿಲ್ಲ. ಜೋರಾಗಿ ಕೇಳುವವರಿಗೆ ಇದು ನಿಜ. ತಗ್ಗಿಸಿ ಕೇಳುವವರ ಲೆಕ್ಕ ಬೇರೆ, ಇದನ್ನು ಬಿಡಿಸಿ ಹೇಳುವವರು ಕಡಿಮೆ. ಆಂಪ್ಲಿಫೈಯರಿನ ವಾಲ್ಯೂಮ್ ನಾಬು ತಿರುವುವ ಹಾದಿಯ ಮೊದಲ ತುಸು ದೂರದಲ್ಲಿ ಎಡ ಬಲ ಸಮ ಇರುವುದಿಲ್ಲ. ಹಲವು ನಾಬುಗಳ ಹಣೆಬರಹ ಅದು. ಸಂವೇದನೆ ಹೆಚ್ಚಿರುವ ಹೆಡ್‌ಫೋನ್ ಸಿಕ್ಕಿಸಿದರೆ ನಮಗೆ ಬೇಕಾದ ತಗ್ಗು ದನಿ ಆ ಅಸಮ ಜಾಗದಲ್ಲೇ ಬಂದುಬಿಡುತ್ತದೆ. ಗಾಯಕ ಎಡಗಿವಿಯತ್ತ ಸರಿದು ಕೂತಂತಾಗುತ್ತದೆ, ಮೇಲಾಗಿ ಆಂಪ್ಲಿಫೈಯರಿನ ಸ್ವಂತ ಹಿಸ್ಸು ಹಿಂದೆ ಹರಿಯುತ್ತದೆ. ಸ್ವಲ್ಪ ಹೆಚ್ಚು ಶಕ್ತಿ ಬೇಡುವ ಹೆಡ್‌ಫೋನಾದರೆ ನಾಬನ್ನು ಇನ್ನಷ್ಟು ತಿರುವಬೇಕಾಗುತ್ತದೆ. ಆ ಹೊತ್ತಿಗೆ ಎರಡೂ ಕಿವಿ ಸಮನಾಗಿರುತ್ತವೆ, ಹಿಸ್ಸು ಅಡಗಿರುತ್ತದೆ. ಫೋನಿನಲ್ಲಿ ಹೆಡ್‌ಫೋನಿನ ತೂತು ಇಲ್ಲದವರಿಗೆ ಯುಎಸ್‌ಬಿ ಡಾಂಗಲ್ ಇದೆ, ರಾತ್ರಿಯ ದನಿಗೆ ಅದರ ಶಕ್ತಿ ಧಾರಾಳ. ಬ್ಲೂಟೂತ್ ಬೇಕೆನ್ನುವವರಿಗೆ ನನ್ನದೊಂದೇ ಎಚ್ಚರಿಕೆ: ಬ್ಯಾಟರಿ ಮುಗಿಯುತ್ತ ಬಂತು ಎಂದು ಅದು ಹೇಳುವ ದನಿಯನ್ನು ತಗ್ಗಿಸಲು ಬರುತ್ತದೋ ಇಲ್ಲವೋ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಮಾಲಕಂಸದ ವಿಲಂಬಿತದ ನಡುವೆ ಒಬ್ಬ ಅಪರಿಚಿತ ಹೆಂಗಸು ಇಂಗ್ಲಿಷಿನಲ್ಲಿ ಕೂಗಿ ಹೇಳುವುದನ್ನು ಸಹಿಸುವುದು ಕಷ್ಟ.

ಹೆಡ್‌ಫೋನನ್ನು ಒರೆಗೆ ಹಚ್ಚಲು ರಾಜೀವ ತಾರಾನಾಥರ ಸರೋದ್ ಆಲಾಪ ನನಗೆ ಮೆಚ್ಚು. ಕೆಳಗಿನ ತಂತಿಯನ್ನು ಒಮ್ಮೆ ಮೀಟಿ ಅವರು ಬಿಟ್ಟುಕೊಡುವ ಆ ಅವಕಾಶವನ್ನು ಗಮನಿಸಿ. ಮೀಟಿದ ಪೆಟ್ಟು ಎಲ್ಲದರಲ್ಲೂ ಕೇಳುತ್ತದೆ. ಪೆಟ್ಟಿನ ನಂತರ ನಾದ ಕರಗುತ್ತ ಹೋಗುವುದನ್ನು, ಕರಗುವಾಗಲೇ ಬೆರಳು ಜಾರಿ ಇನ್ನೊಂದು ಸ್ವರವನ್ನು ಮುಟ್ಟುವುದನ್ನು ಎಲ್ಲಿಯವರೆಗೆ ಹಿಂಬಾಲಿಸಬಹುದು ಎಂಬುದೇ ಪರೀಕ್ಷೆ. ದೊರೆಸ್ವಾಮಿ ಅಯ್ಯಂಗಾರರ ವೀಣೆಯೂ ಇದಕ್ಕೆ ಆಗುತ್ತದೆ. ತಗ್ಗಿದ ದನಿಯಲ್ಲಿ ಆ ಬಾಲ ಬೇಗ ಕಡಿದುಹೋದರೆ ಆ ಹೆಡ್‌ಫೋನ್ ಎಷ್ಟೇ ಹೆಸರಿನದಾಗಿರಲಿ ರಾತ್ರಿಗೆ ಬೇಡ.

ಒಂದು ರಾತ್ರಿ ಅವ್ವ ನೀರು ಕುಡಿಯಲು ಎದ್ದವಳು ಪಡಸಾಲೆಗೆ ಬಂದಳು. "ಇನ್ನಾ ಮಲಗಿಲ್ಲೇನೋ? ಏನ್ ಕೇಳಾಕತ್ತಿ?" ಅವಳು ಧಾರವಾಡ ಆಕಾಶವಾಣಿ ಕೇಳುತ್ತ ಬೆಳೆದವಳು. ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮಕ್ಕೆ ನಮ್ಮಜ್ಜ ಓಣಿಯವರನ್ನೆಲ್ಲ ಕರೆದು ಕೂಡಿಸುತ್ತಿದ್ದನಂತೆ. ಹೆಡ್‌ಫೋನನ್ನು ಅವಳ ತಲೆಗೆ ಹಾಕಿದೆ. ಮಾಲಕಂಸದ ಒಂದು ಸ್ಟೀರಿಯೋ ಮುದ್ರಣ ನಡೆದಿತ್ತು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ತನಗೇ ಕೇಳದೆಂದು ಜೋರಾಗಿಯೇ ಹೇಳಿದಳು: "ತಂಬೂರಿ ಎರಡ ಅದಾವಲ್ಲೋ! ಆ ಕಡಿಗೊಂದು, ಈ ಕಡಿಗೊಂದು. ರೇಡಿಯೋದಾಗ ನಾ ಒಂದ ಅಂತ ತಿಳಿದಿದ್ದೆ." ಮಗಳು ಒಳಗಿನಿಂದ "ಅಜ್ಜೀ!" ಎಂದು ಕೂಗಿದಳು. ಅವ್ವನ ಕಿವಿ ಈಗ ಮಂದವಾಗಿದೆ, ನನಗೆ ಸಾಕಾಗುವ ದನಿ ಅವಳಿಗೆ ಸಾಲದು ಅಂದುಕೊಂಡಿದ್ದೆ. ಸುತ್ತಲಿನ ಸದ್ದು ನಿಂತದ್ದರಿಂದ ಅವಳಿಗೂ ಅಷ್ಟೇ ಸಾಕಾಯಿತು.

ಕಿವಿ ಮುಚ್ಚಿದರೆ ಮನೆಯೂ ಮುಚ್ಚಿಹೋಗುತ್ತದೆ ಎಂಬ ಅಳುಕು ನನಗಿದೆ. ಅವ್ವ ಬಚ್ಚಲಿಗೆ ಹೋಗುವಾಗ ಕಾಲು ಜಾರಿದರೆ? ಮಗಳು ಕರೆದರೆ? ಇದಕ್ಕೆ ಹೆಡ್‌ಫೋನಿನೊಳಗೆ ಪರಿಹಾರ ಹುಡುಕುವುದಕ್ಕಿಂತ ಕೂರುವ ಜಾಗದಲ್ಲಿ ಹುಡುಕಬೇಕು. ಅವ್ವನ ಕೋಣೆಯ ಬಾಗಿಲು ಕಾಣುವಂತೆ ಕುರ್ಚಿ ಹಾಕಿಕೊಂಡು, ಅವಳ ಕೋಣೆಯಲ್ಲೊಂದು ಸಣ್ಣ ದೀಪ ಇರಿಸಿ ಕೂರುತ್ತೇನೆ. ಕೈಗೂಸಿರುವ ಮನೆಗಳಲ್ಲಿ ಒಂದು ಕಪ್ಪನ್ನು ಕಿವಿಯ ಹಿಂದಕ್ಕೆ ಸರಿಸಿ ಕೇಳಿದರೆ ಸ್ಟೀರಿಯೋ ಹೋಗುತ್ತದೆ, ಅಳು ಕೇಳುತ್ತದೆ.

ಕಿವಿಯ ಆರೋಗ್ಯಕ್ಕೂ ತಗ್ಗು ದನಿಯೇ ಲೇಸು. ದೊಡ್ಡವರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ತಾಸು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದರೆ ತಾಸುಗಳು ಅರ್ಧಕ್ಕೆ ಇಳಿಯುತ್ತವೆ. ರಾತ್ರಿ ನಾವು ಕೇಳುವ ದನಿ ಅದರ ಹತ್ತಿರವೂ ಸುಳಿಯುವುದಿಲ್ಲ.

ಮೊನ್ನೆ ಕುಮಟೆಯಿಂದ ಭಾವನ ಫೋನು. ಅವರ ಕಡೆಯ ಉಪ್ಪುಗಾಳಿಗೆ ರೆಕ್ಸಿನ್ ಕುಶನ್ನು ಎರಡೇ ಮಳೆಗಾಲದಲ್ಲಿ ಹೊಪ್ಪಳೆ ಎದ್ದು ಉದುರಿದೆ, ಕಪ್ಪು ಚೂರು ಕಿವಿಗೆಲ್ಲ ಅಂಟುತ್ತದೆ. "ಬೇರೆ ತಕಳ್ಳೋ, ಇದಕ್ಕೇ ಪ್ಯಾಡ್ ಹಾಕ್ಸೋ?" ಎಂದು ಕೇಳಿದರು. ಅವರು ಕೇಳುವುದು ಯಕ್ಷಗಾನ. ಹಳೆಯ ಆಟಗಳ ಧ್ವನಿಮುದ್ರಣ, ಭಾಗವತರು ಮೆಲ್ಲಗೆ ಪದ್ಯ ಎತ್ತುತ್ತಿದ್ದಂತೆ ಚಂಡೆ ಒಮ್ಮೆಗೇ ಸಿಡಿಯುತ್ತದೆ. ಪ್ಯಾಡು ಬಿಡಿಯಾಗಿ ಸಿಗುವುದಾದರೆ ಬಟ್ಟೆಯ ಪ್ಯಾಡನ್ನೇ ಹಾಕಿಸಿ, ವಾಲ್ಯೂಮನ್ನು ಮೊದಲು ಚಂಡೆಯ ಪೆಟ್ಟು ಹಿತವಾಗುವಷ್ಟಕ್ಕೆ ಇಟ್ಟುಕೊಳ್ಳಿ, ಭಾಗವತರಿಗಾಗಿ ಏರಿಸಬೇಡಿ ಎಂದೆ. ಪದ್ಯ ಕೇಳದಿದ್ದರೆ ಏನು ಮಾಡಲಿ ಎಂದು ಅವರು. ಕಪ್ಪು ಸರಿಯಾಗಿ ಕೂತರೆ ಕೇಳುತ್ತದೆ, ಕೇಳದಿದ್ದರೆ ಆ ಹೆಡ್‌ಫೋನ್ ಬಿಟ್ಟು ಬೇರೆ ನೋಡೋಣ ಎಂದೆ. ಮುಂದಿನ ತಿಂಗಳು ಹುಬ್ಬಳ್ಳಿಗೆ ಬರುವಾಗ ಅವರು ತಮ್ಮ ಮೆಮೊರಿ ಕಾರ್ಡ್ ತರುತ್ತಾರೆ. ಕನ್ನಡಕವನ್ನೂ ಮರೆಯದೆ ಹಾಕಿಕೊಂಡು ಬರಲು ಹೇಳಿದ್ದೇನೆ.